ಕೆಂಪು ಗುಂಡಿ, ಹಸಿರು ದೀಪ

ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೊರಟರೆ ಗುಡ್ಡದ ನೆತ್ತಿಗಳ ಮೇಲೆ ಸಾಲುಸಾಲಾಗಿ ಗಾಳಿಯಂತ್ರಗಳು ಕಾಣುತ್ತವೆ. ಏಪ್ರಿಲ್ ಮಧ್ಯಾಹ್ನದ ಬಿಸಿಲಲ್ಲಿ ಅವು ನಿಧಾನಕ್ಕೆ ತಿರುಗುತ್ತಿದ್ದವು. ಪಕ್ಕದ ಸೀಟಿನಲ್ಲಿದ್ದ ಆಯಿ, ಎಂದರೆ ನನ್ನ ತಾಯಿ, ‘ಅಲ್ಲೇ ಕರೆಂಟು ಹುಟ್ಟುತ್ತಲ್ಲ, ಇಲ್ಲೇ ತುಂಬಿಸಿಕೊಂಡರಾಯಿತು’ ಎಂದಳು. ಕಾರಿನಲ್ಲಿ 24 ಪರ್ಸೆಂಟ್ ಉಳಿದಿತ್ತು. ಬೆಂಗಳೂರಿನ ಮನೆಯಲ್ಲಿ ಬೆಳಿಗ್ಗೆ ಪೂರ್ತಿ ತುಂಬಿಸಿಕೊಂಡು ಹೊರಟು ಇನ್ನೂರು ಕಿಲೋಮೀಟರ್ ಬಂದಿದ್ದೆವು. ಶಿರಸಿಗೆ ಅಷ್ಟೇ ದಾರಿ ಬಾಕಿ.

ಮೊಬೈಲಿನ ನಕ್ಷೆ ತೋರಿಸಿದ ಜಾಗ ಹೆದ್ದಾರಿಯ ಪಕ್ಕದ ಒಂದು ಹೋಟೆಲ್. ಮುಂದೆ ಚಾರ್ಜರಿನ ಸುಳಿವೇ ಇಲ್ಲ, ಬೋರ್ಡೂ ಇಲ್ಲ. ಹೋಟೆಲನ್ನು ಒಂದು ಸುತ್ತು ಹಾಕಿದ ಮೇಲೆ ಹಿಂದಿನ ಮೂಲೆಯಲ್ಲಿ, ಜನರೇಟರ್ ಶೆಡ್ಡಿಗೆ ಆತುಕೊಂಡಂತೆ ಅದು ಸಿಕ್ಕಿತು. ಆಳೆತ್ತರದ ಪೆಟ್ಟಿಗೆ, ಎರಡು ದಪ್ಪ ಕೇಬಲ್ಲು, ತುದಿಯಲ್ಲಿ ಎರಡು ಗನ್. ಗನ್ ಸಿಕ್ಕಿಸಿದೆ. ಯಂತ್ರ ಜಪ್ಪಯ್ಯ ಎನ್ನಲಿಲ್ಲ. ಪರದೆಯ ಮೇಲೆ ಸಣ್ಣ ಅಕ್ಷರದಲ್ಲಿ ಏನೋ ಬಂದಿತ್ತು, ಬಿಸಿಲಿಗೆ ಓದಲಾಗಲಿಲ್ಲ. ಆ್ಯಪ್ ‘ಲಭ್ಯವಿಲ್ಲ’ ಎಂದಿತು. ಸಹಾಯವಾಣಿಯ ಹುಡುಗ ತುಂಬ ಮರ್ಯಾದೆಯಿಂದಲೇ ಮಾತಾಡಿದ. ತಾನು ಕೂತಲ್ಲಿಂದಲೇ ಯಂತ್ರವನ್ನು ಎರಡು ಸಲ ಆಫ್ ಮಾಡಿ ಆನ್ ಮಾಡಿದ. ಏನೂ ಆಗಲಿಲ್ಲ. ‘ದೂರು ದಾಖಲಿಸಿದ್ದೇನೆ ಮೇಡಂ, 48 ಗಂಟೆಯೊಳಗೆ ತಂತ್ರಜ್ಞರು ಬರುತ್ತಾರೆ’ ಎಂದ.

ಹೋಟೆಲಿನ ಕಾಂಪೌಂಡಿಗೆ ಹೊಂದಿಕೊಂಡಂತೆ ಒಂದು ಚಹಾದಂಗಡಿ ಇತ್ತು. ನಾವು ಪರದಾಡುತ್ತಿದ್ದುದನ್ನು ಅಲ್ಲಿಂದಲೇ ನೋಡುತ್ತಿದ್ದ ಅಂಗಡಿಯ ಹೆಂಗಸು ಕೈ ಒರೆಸಿಕೊಳ್ಳುತ್ತ ಬಂದರು. ‘ಅಕ್ಕಾ, ಆ ಕೆಂಪು ಗುಂಡಿ ನೋಡ್ರಿ. ಹುಡುಗ್ರು ಒತ್ತಿ ಹೋಗ್ಯಾರೆ. ಬಲಕ್ಕೆ ತಿರುವ್ರಿ, ಟಕ್ ಅಂತ ಮ್ಯಾಲೆ ಬರ್ತೈತೆ.’

ಪೆಟ್ಟಿಗೆಯ ಬದಿಯಲ್ಲಿ ಅಣಬೆಯ ಕೊಡೆಯಂತೆ ಒಂದು ಕೆಂಪು ಗುಂಡಿ. ಬೆಂಕಿ, ಶಾಕ್ ಏನಾದರೂ ಆದರೆ ಒಂದೇ ಏಟಿಗೆ ಕರೆಂಟ್ ಕಡಿಯಲೆಂದು ಇಟ್ಟದ್ದು. ಒಮ್ಮೆ ಒತ್ತಿದರೆ ಒಳಗೇ ಕಚ್ಚಿಕೊಂಡು ಕೂರುತ್ತದೆ. ಮನುಷ್ಯನ ಕೈಯೇ ಅದನ್ನು ತಿರುವಿ ಬಿಡಿಸಬೇಕು, ಎಲ್ಲೋ ಕೂತ ಸಹಾಯವಾಣಿಯಿಂದ ಆಗದು. ತಿರುವಿದೆ. ಟಕ್ ಎಂದಿತು. ಮೂರು ನಿಮಿಷದಲ್ಲಿ ಪರದೆ ಬೆಳಗಿತು, ಒಳಗಿನ ಫ್ಯಾನು ಭರ್‍ರೆಂದಿತು, ಕಾರಿನಲ್ಲಿ ಅಂಕಿ ಏರತೊಡಗಿತು. ಆ ತಾಯಿಯ ಅಂಗಡಿಯಲ್ಲೇ ಚಹಾ ಕುಡಿಯುತ್ತ ಕೂತೆವು. ಚಾರ್ಜರ್ ಇಟ್ಟವರಾರೂ ಅವರಿಗೆ ಏನನ್ನೂ ಹೇಳಿಕೊಟ್ಟಿರಲಿಲ್ಲ. ಹಿಂದೊಮ್ಮೆ ರಿಪೇರಿಗೆ ಬಂದವನು ಏನು ಮಾಡಿದ ಎಂದು ನೋಡಿಟ್ಟುಕೊಂಡಿದ್ದರು, ಅಷ್ಟೇ. ‘ಪಾಪ, ಮಕ್ಳು ಮರಿ ಕಟ್ಕೊಂಡು ಬಂದಿರ್ತಾರೆ’ ಎಂದರು.

ಮೂರು ವರ್ಷದಿಂದ ಈ ಕಾರಿನಲ್ಲಿ ಊರಿಗೆ ಹೋಗಿಬರುತ್ತಿದ್ದೇನೆ. ಹೋದಲ್ಲೆಲ್ಲ ಜನ ಕೇಳುವ ಪ್ರಶ್ನೆ, ‘ದಾರಿಯಲ್ಲಿ ಚಾರ್ಜಿಂಗ್ ಸ್ಟೇಷನ್ ಇದಾವಾ?’ ಇದಾವೆ. ಐದು ವರ್ಷದ ಹಿಂದಿಗೆ ಹೋಲಿಸಿದರೆ ಬೇಕಾದಷ್ಟಿವೆ. ನನ್ನನ್ನು ಕೊರೆಯುವ ಪ್ರಶ್ನೆ ಬೇರೆ: ಅಲ್ಲಿ ಯಾರಾದರೂ ಇದ್ದಾರಾ?

ಈ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವಲ್ಲ. ಬೆಂಗಳೂರಿನ ಚೇತನ್ ಮೈನಿ ಅವರ ಪುಟಾಣಿ ‘ರೇವಾ’ ರಸ್ತೆಗಿಳಿದದ್ದು 2001ರಲ್ಲಿ. ಆಗ ಸ್ಟೇಷನ್ ಎಂಬ ಮಾತೇ ಇರಲಿಲ್ಲ. ರಾತ್ರಿ ಮನೆಯ 15 ಆಂಪಿಯರ್ ಪ್ಲಗ್ಗಿಗೆ ಸಿಕ್ಕಿಸಿದರೆ ಮರುದಿನದ ಊರೊಳಗಿನ ಓಡಾಟಕ್ಕೆ ಸಾಕಾಗುತ್ತಿತ್ತು. ವಿದ್ಯುತ್ ವಾಹನಗಳಿಗಾಗಿಯೇ ಒಂದು ನೀತಿಯನ್ನು ದೇಶದಲ್ಲಿ ಮೊದಲು ತಂದದ್ದೂ ನಮ್ಮದೇ ರಾಜ್ಯ, 2017ರಲ್ಲಿ. ಮರುವರ್ಷ ಬೆಸ್ಕಾಂ ಕೆ.ಆರ್. ವೃತ್ತದ ತನ್ನ ಕಚೇರಿಯಲ್ಲಿ ಚಾರ್ಜಿಂಗ್ ಕೇಂದ್ರ ತೆರೆಯಿತು. ಕಾರಿಗೆ ಚಾರ್ಜ್ ಮಾಡಿಕೊಡುವುದು ವಿದ್ಯುತ್ ಮಾರಾಟವಲ್ಲ, ಅದೊಂದು ಸೇವೆ, ಅದಕ್ಕೆ ಲೈಸೆನ್ಸ್ ಬೇಕಿಲ್ಲ ಎಂದು ಕೇಂದ್ರ ಇಂಧನ ಸಚಿವಾಲಯ ಹೇಳಿದ್ದೂ 2018ರಲ್ಲೇ. ಇದು ದೊಡ್ಡ ಮಾತು. ಅಲ್ಲಿಯವರೆಗೆ ಕರೆಂಟನ್ನು ಇನ್ನೊಬ್ಬರಿಗೆ ದುಡ್ಡಿಗೆ ಕೊಡುವುದೆಂದರೆ ಕಾನೂನಿನ ತೊಡಕಾಗಿತ್ತು. ಆ ವರ್ಷದ ಕೊನೆಗೆ ಬಂದ ಮಾರ್ಗಸೂಚಿ ಪಟ್ಟಣಗಳಲ್ಲಿ ಮೂರು ಕಿಲೋಮೀಟರ್ ಉದ್ದ, ಮೂರು ಕಿಲೋಮೀಟರ್ ಅಗಲದ ಪ್ರತಿ ಚೌಕಕ್ಕೆ ಒಂದು ಕೇಂದ್ರ, ಹೆದ್ದಾರಿಯ ಎರಡೂ ಬದಿ ಪ್ರತಿ 25 ಕಿಲೋಮೀಟರಿಗೆ ಒಂದು ಕೇಂದ್ರ ಇರಬೇಕೆಂದಿತು.

2024ರ ಕೊನೆಯ ಹೊತ್ತಿಗೆ ಕೇಂದ್ರ ಸರ್ಕಾರದ ಲೆಕ್ಕದಲ್ಲಿ ದೇಶದಲ್ಲಿದ್ದ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳು 25 ಸಾವಿರಕ್ಕೂ ಹೆಚ್ಚು. ಅದರಲ್ಲಿ 5,700ಕ್ಕೂ ಮಿಕ್ಕಿ ಕರ್ನಾಟಕದಲ್ಲೇ ಇದ್ದವು, ಎಲ್ಲ ರಾಜ್ಯಗಳಿಗಿಂತ ಹೆಚ್ಚು. ಹೆಮ್ಮೆಯೇ. ಆದರೆ ಅದರ ಬಹುಪಾಲು ಬೆಂಗಳೂರಿನೊಳಗೆ. ಬೆಂಗಳೂರಿನಲ್ಲಿ ಕಾರಿಟ್ಟುಕೊಂಡವರು ಹೆಚ್ಚಾಗಿ ಮನೆಯಲ್ಲೋ ಆಫೀಸಿನಲ್ಲೋ ಚಾರ್ಜ್ ಮಾಡಿಕೊಳ್ಳುತ್ತಾರೆ. ದಾರಿಯ ಚಾರ್ಜರ್ ನಿಜವಾಗಿ ಬೇಕಾಗುವುದು ನೆಲಮಂಗಲದ ಟೋಲ್ ದಾಟಿದ ಮೇಲೆ.

ನಕ್ಷೆಯ ಮೇಲಿನ ಚುಕ್ಕಿ ನಂಬಿ ಹೋದವರು ಮೊದಮೊದಲು ಮೋಸ ಹೋದದ್ದು ಗನ್ನಿನ ಆಕಾರದಿಂದ. ‘ಭಾರತ್ ಡಿಸಿ-001’ ಎಂಬ ನಮೂನೆಯ, ಹೆಚ್ಚೆಂದರೆ 15 ಕಿಲೋವ್ಯಾಟ್ ಕೊಡುವ ಯಂತ್ರಗಳನ್ನು ಆರಂಭದ ವರ್ಷಗಳಲ್ಲಿ ಹಲವು ಕಡೆ ನೆಟ್ಟರು. ಆಗಿನ ಕೆಲವೇ ಕಾರುಗಳಿಗೆ ಅದು ಹೊಂದುತ್ತಿತ್ತು. 2020ರ ಹೊತ್ತಿಗೆ ಜನ ಕೊಳ್ಳತೊಡಗಿದ ಕಾರುಗಳು ಹೆಚ್ಚಾಗಿ ‘ಸಿಸಿಎಸ್-2’ ಗನ್ನಿನವು. ಚುಕ್ಕಿ ಇದೆ, ಯಂತ್ರ ಇದೆ, ಕರೆಂಟೂ ಇದೆ, ಗನ್ ಮಾತ್ರ ಕಾರಿನ ಬಾಯಿಗೆ ಹೋಗದು. ಈಗ ಆ ತಾಪತ್ರಯ ಬಹುಮಟ್ಟಿಗೆ ತೀರಿದೆ. ಹಳೆಯ ಚುಕ್ಕಿಗಳು ಕೆಲವು ನಕ್ಷೆಯಲ್ಲಿ ಉಳಿದುಕೊಂಡಿವೆ.

ಇನ್ನು ಆ್ಯಪ್‌ಗಳು. ನನ್ನ ಫೋನಿನಲ್ಲಿ ಹನ್ನೊಂದಿವೆ. ಒಂದೊಂದು ಕಂಪನಿಗೆ ಒಂದೊಂದು, ಒಂದೊಂದರಲ್ಲೂ ಮುಂಗಡ ಹಾಕಿಟ್ಟ ನೂರು, ಇನ್ನೂರು ರೂಪಾಯಿ. ಬಳ್ಳಾರಿ ಕಡೆ ಒಂದು ಸಲ ಬಳಸಿದ ಆ್ಯಪ್‌ನಲ್ಲಿ ಉಳಿದ 140 ರೂಪಾಯಿ ಅಲ್ಲೇ ಇದೆ, ಆ ಕಂಪನಿಯ ಇನ್ನೊಂದು ಚಾರ್ಜರ್ ನನ್ನ ದಾರಿಯಲ್ಲಿಲ್ಲ. ಈ ಆ್ಯಪ್‌ಗಳೆಲ್ಲ ಒಂದಾಗಬೇಕೆಂದು ಕಾರಿಟ್ಟುಕೊಂಡವರೆಲ್ಲರೂ ಕೇಳುತ್ತ ಬಂದಿದ್ದಾರೆ. 2025ರಲ್ಲಿ ಕೇಂದ್ರದ ಭಾರಿ ಕೈಗಾರಿಕಾ ಸಚಿವ ಎಚ್.ಡಿ. ಕುಮಾರಸ್ವಾಮಿ ಅವರು ಒಂದೇ ಆ್ಯಪ್‌ನಲ್ಲಿ ಎಲ್ಲ ಕೇಂದ್ರಗಳನ್ನು ಹುಡುಕುವ, ಕಾಯ್ದಿರಿಸುವ, ದುಡ್ಡು ಕಟ್ಟುವ ವ್ಯವಸ್ಥೆಯನ್ನು ಬಿಎಚ್‌ಇಎಲ್ ಮುಂದಾಳತ್ವದಲ್ಲಿ ತರುವುದಾಗಿ ಹೇಳಿದರು. ಅದಾದರೆ ತುಂಬ ಒಳ್ಳೆಯದು.

ಅಲ್ಲಿಯವರೆಗೆ ನಮ್ಮನ್ನು ಕಾಪಾಡುತ್ತಿರುವುದು ವಾಟ್ಸ್‌ಆ್ಯಪ್ ಗುಂಪುಗಳು. ಹೊರಡುವ ಹಿಂದಿನ ರಾತ್ರಿ ಒಂದು ಸಾಲು ಬರೆದರೆ ಸಾಕು: ‘ನಾಳೆ ಮಧ್ಯಾಹ್ನ ಹಾವೇರಿ ಹಾಯ್ದು ಹೋಗುತ್ತೇನೆ, ಅಲ್ಲಿಯ ಚಾರ್ಜರ್ ಯಾರಾದರೂ ಬಳಸಿದಿರಾ?’ ಅರ್ಧ ಗಂಟೆಯೊಳಗೆ ಉತ್ತರ. ‘ನಿನ್ನೆ ಸಂಜೆ ಬಳಸಿದೆ. ಎಡಗಡೆ ಗನ್ ಕೆಟ್ಟಿದೆ, ಬಲಗಡೆಯದು ಸರಿ ಇದೆ. ವಾಚ್‌ಮನ್ ನಂಬರ್ ಕಳಿಸುತ್ತೇನೆ.’ ಕಂಪನಿಯ ಆ್ಯಪ್‌ನಲ್ಲಿ ಹಸಿರು ಚುಕ್ಕಿ ಎಷ್ಟೇ ಉರಿಯುತ್ತಿರಲಿ, ನಾನು ನಂಬುವುದು ನಿನ್ನೆ ಸಂಜೆ ಅಲ್ಲಿ ನಿಂತಿದ್ದ ಒಬ್ಬ ಮನುಷ್ಯನ ಮಾತನ್ನು. ಆ ಮನುಷ್ಯನ ಮುಖವನ್ನೇ ನಾನು ಕಂಡಿಲ್ಲ. ಆದರೂ ಅವನು ಹಾಕಿದ ಆ ಎರಡು ಸಾಲಿನ ಮೇಲೆ ಎಪ್ಪತ್ತು ದಾಟಿದ ತಾಯಿಯನ್ನು ಕೂರಿಸಿಕೊಂಡು ಹೊರಡುತ್ತೇನೆ.

ವಾಚ್‌ಮನ್ ನಂಬರ್ ಎಂದೆನಲ್ಲ, ಅದರ ಬೆಲೆ ಹೆದ್ದಾರಿಯಲ್ಲಿ ಗೊತ್ತಾಗುತ್ತದೆ. ಚಾರ್ಜರ್ ಮುಂದೆ ಯಾರದೋ ಪೆಟ್ರೋಲ್ ಕಾರು ನಿಂತಿರುತ್ತದೆ, ಮಾಲೀಕರು ಒಳಗೆ ಊಟಕ್ಕೆ ಕೂತಿರುತ್ತಾರೆ. ಅವರನ್ನು ಹುಡುಕಿ ಎಬ್ಬಿಸುವವರು ಬೇಕು. ವೋಲ್ಟೇಜ್ ಏರಿಳಿದು ಎಂಸಿಬಿ ಬಿದ್ದಿರುತ್ತದೆ, ಅದನ್ನು ಎತ್ತಬೇಕು. ಪ್ಯಾನೆಲ್ ಬೋರ್ಡಿಗೆ ಬೀಗ, ಬೀಗದ ಕೈ ಒಬ್ಬರ ಹತ್ತಿರ, ಅವರು ಸಂತೆಗೆ ಹೋಗಿರುತ್ತಾರೆ. ಇವೆಲ್ಲ ದೊಡ್ಡ ತಂತ್ರಜ್ಞಾನದ ಸಮಸ್ಯೆಗಳಲ್ಲ. ಒಬ್ಬ ಮನುಷ್ಯ ಎರಡು ನಿಮಿಷದಲ್ಲಿ ಬಗೆಹರಿಸುವಂಥವು.

ನನಗನ್ನಿಸುವುದು ಇಷ್ಟು. ಯಾರೂ ಇಲ್ಲದೆ ತಾನೇ ನಡೆಯುವ ಯಂತ್ರ ಎಂಬ ಕಲ್ಪನೆ ಹುಟ್ಟಿದ್ದು ಕೂಲಿ ದುಬಾರಿಯಾದ ದೇಶಗಳಲ್ಲಿ. ಅಲ್ಲಿ ಪೆಟ್ರೋಲನ್ನೂ ಜನ ತಾವೇ ಹಾಕಿಕೊಳ್ಳುತ್ತಾರೆ. ನಮ್ಮ ಬಂಕುಗಳಲ್ಲಿ ಹಾಗಿಲ್ಲ. ಕಾರು ನಿಂತ ಕೂಡಲೇ ಒಬ್ಬ ಹುಡುಗ ಬಂದು ‘ಝೀರೋ ನೋಡಿ ಸರ್’ ಎನ್ನುತ್ತಾನೆ. ಗಾಳಿ ಹಾಕುವ ಅಜ್ಜ ಇರುತ್ತಾರೆ, ಕುಡಿಯುವ ನೀರಿರುತ್ತದೆ, ಶೌಚಾಲಯ ಇರುತ್ತದೆ, ರಾತ್ರಿ ಹನ್ನೆರಡಕ್ಕೂ ದೀಪ ಉರಿಯುತ್ತದೆ, ಬೋರ್ಡು ಅರ್ಧ ಕಿಲೋಮೀಟರ್ ದೂರದಿಂದಲೇ ಕಾಣುತ್ತದೆ. ಇಷ್ಟೆಲ್ಲ ಇರುವ ಬದುಕಿನ ನಡುವೆ ನಾವು ದಿಕ್ಕಿಲ್ಲದ ಒಂದು ಪೆಟ್ಟಿಗೆಯನ್ನು ತಂದು ಹೋಟೆಲಿನ ಹಿತ್ತಲಲ್ಲಿ ನಿಲ್ಲಿಸಿದ್ದೇವೆ. ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಅದರ ಹತ್ತಿರ ಕೂರಿಸಿದ್ದರೆ ಅರ್ಧಕ್ಕರ್ಧ ತೊಂದರೆ ಇರುತ್ತಲೇ ಇರಲಿಲ್ಲ.

ಹೆಣ್ಣುಮಕ್ಕಳು ಒಬ್ಬರೇ ಓಡಿಸಿಕೊಂಡು ಹೋಗುವಾಗ ಇದು ಇನ್ನೂ ತೀವ್ರವಾಗಿ ತಟ್ಟುತ್ತದೆ. ಫಾಸ್ಟ್ ಚಾರ್ಜರಿನಲ್ಲೂ ಮುಕ್ಕಾಲು ಗಂಟೆ, ಒಂದು ಗಂಟೆ ನಿಲ್ಲಬೇಕು. ದೀಪವಿಲ್ಲದ ಮೂಲೆಯಲ್ಲಿ ರಾತ್ರಿ ಒಂಬತ್ತಕ್ಕೆ, ಬಾಗಿಲು ಲಾಕ್ ಮಾಡಿಕೊಂಡು, ಕೇಬಲ್ಲಿಗೆ ಕಟ್ಟಿಹಾಕಿದ ಕಾರಿನಲ್ಲಿ ಕೂತಿರುವುದು ಎಂಥದೆಂದು ಯೋಜನೆ ಮಾಡುವವರು ಒಮ್ಮೆ ಕೂತು ನೋಡಬೇಕು. ರಾಣೆಬೆನ್ನೂರಿನ ಆಚೆ ಒಂದು ರಾತ್ರಿ ನಾನು 31 ಪರ್ಸೆಂಟಿಗೇ ಗನ್ ಕಿತ್ತು ಹೊರಟುಬಿಟ್ಟಿದ್ದೇನೆ. ಮುಂದಿನ ಚಾರ್ಜರಿನವರೆಗೆ ಎ.ಸಿ. ಆರಿಸಿ, ಅರವತ್ತರ ವೇಗದಲ್ಲಿ ಎಡಬದಿ ಹಿಡಿದು ಹೋದೆ.

ಚಾರ್ಜರ್ ಇಟ್ಟವರನ್ನು ಬರಿದೇ ದೂರಿ ಪ್ರಯೋಜನವಿಲ್ಲ, ಅವರ ಲೆಕ್ಕವೂ ಕಷ್ಟದ್ದೇ. 60 ಕಿಲೋವ್ಯಾಟಿನ ಒಂದು ಯಂತ್ರವೆಂದರೆ ಹತ್ತಾರು ಮನೆಗಳ ಬೇಡಿಕೆಯನ್ನು ಒಂದೇ ಕಡೆ ಹೇರಿದಂತೆ. ಅದಕ್ಕೆ ಬೇರೆಯದೇ ಟ್ರಾನ್ಸ್‌ಫಾರ್ಮರ್ ಬೇಕಾಗಬಹುದು, ಕಂಬ, ಕೇಬಲ್ಲು ಎಳೆಸಬೇಕು. ಒಂದೇ ಒಂದು ಕಾರು ಬಾರದಿದ್ದರೂ ತಿಂಗಳಿಗೆ ನಿಗದಿತ ಶುಲ್ಕ ಕಟ್ಟಲೇಬೇಕು. ದಿನಕ್ಕೆ ಮೂರು ಕಾರು ಬರುವಲ್ಲಿ ಬಡ್ಡಿಯೂ ಹುಟ್ಟದು. ಬಡ್ಡಿ ಹುಟ್ಟದ ಕಡೆ ರಿಪೇರಿಯವರು ಬರುವುದು ತಡವಾಗುತ್ತದೆ. ಕೆಟ್ಟ ಚಾರ್ಜರಿಗೆ ಮತ್ತೆ ಕಾರು ಬರುವುದಿಲ್ಲ. ಇದರ ಮೇಲೆ ತೆರಿಗೆ. ವಿದ್ಯುತ್ತಿಗೆ ಜಿಎಸ್‌ಟಿ ಇಲ್ಲ, ವಿದ್ಯುತ್ ಕಾರಿಗೆ 5 ಪರ್ಸೆಂಟ್. ಆದರೆ ಚಾರ್ಜ್ ಮಾಡಿಕೊಡುವುದು ‘ಸೇವೆ’ ಆದ್ದರಿಂದ 18 ಪರ್ಸೆಂಟ್. ಈ ಪ್ರಶ್ನೆಯನ್ನು ಕರ್ನಾಟಕದಲ್ಲಿ ಕೇಳಿದ್ದು ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. 2023ರಲ್ಲಿ ರಾಜ್ಯದ ಮುಂಗಡ ತೀರ್ಪು ಪ್ರಾಧಿಕಾರ ಹೌದು, 18 ಎಂದೇ ಹೇಳಿತು. ಲೈಸೆನ್ಸಿನ ಕಟ್ಟು ಬಿಡಿಸಿದ ‘ಸೇವೆ’ ಎಂಬ ಅದೇ ಮಾತು ತೆರಿಗೆಯಲ್ಲಿ ಹೊರೆಯಾಯಿತು. ಹೀಗಾಗಿ ಮನೆಯಲ್ಲಿ ಆರೇಳು ರೂಪಾಯಿಗೆ ಸಿಗುವ ಯೂನಿಟ್ಟು ಹೆದ್ದಾರಿಯಲ್ಲಿ ಇಪ್ಪತ್ತರ ಆಸುಪಾಸಿಗೆ ಹೋಗಿ ನಿಲ್ಲುತ್ತದೆ. ಈ ತೆರಿಗೆ ಇಳಿಯಲೇಬೇಕು.

2024ರ ಅಕ್ಟೋಬರಿನಲ್ಲಿ ಶುರುವಾದ ‘ಪಿಎಂ ಇ-ಡ್ರೈವ್’ ಯೋಜನೆಗೆ ಇಟ್ಟದ್ದು 10,900 ಕೋಟಿ ರೂಪಾಯಿ, ಅದರಲ್ಲಿ 2,000 ಕೋಟಿ ಚಾರ್ಜಿಂಗ್ ಕೇಂದ್ರಗಳಿಗೆ. ಕಾರುಗಳಿಗೆಂದೇ 22,100 ಫಾಸ್ಟ್ ಚಾರ್ಜರ್ ಬರಬೇಕೆಂಬ ಗುರಿ. ಬರಲಿ. ಎಷ್ಟು ಯಂತ್ರ ನೆಟ್ಟರು ಎಂದು ಎಣಿಸಿದಷ್ಟೇ ನಿಷ್ಠೆಯಿಂದ, ತಿಂಗಳಿಗೆ ಎಷ್ಟು ಗಂಟೆ ಅವು ನಡೆದವು ಎಂದೂ ಎಣಿಸಲಿ.

ನೇಪಾಳದ ಮಾತು ಇಲ್ಲಿ ಬರಬೇಕು. ನಮಗಿಂತ ಚಿಕ್ಕ, ನಮಗಿಂತ ಬಡ ದೇಶ. 2015ರಲ್ಲಿ ಗಡಿ ಬಂದಾಗಿ ಪೆಟ್ರೋಲಿಗೆ ತಿಂಗಳುಗಟ್ಟಲೆ ಸಾಲು ನಿಂತ ನೆನಪು ಅಲ್ಲಿಯ ಜನರಿಗೆ ಹಸಿಯಾಗಿದೆ. ಮಳೆಗಾಲದಲ್ಲಿ ಹೊಳೆಗಳ ಕರೆಂಟು ಮಿಕ್ಕುತ್ತದೆ. ಈಚಿನ ವರ್ಷಗಳಲ್ಲಿ ಆ ದೇಶ ತರಿಸಿಕೊಳ್ಳುವ ಹೊಸ ಕಾರುಗಳಲ್ಲಿ ಹೆಚ್ಚಿನವು ಬ್ಯಾಟರಿಯವೇ. ಅಲ್ಲಿಯ ವಿದ್ಯುತ್ ಪ್ರಾಧಿಕಾರ ತಾನೇ 51 ಕೇಂದ್ರ ತೆರೆಯಿತು. ಜೊತೆಗೆ ದಾರಿಯ ಊಟದ ಹೋಟೆಲಿನವರು ಕೈಹಾಕಿದರು. ಕಠ್ಮಂಡು–ಪೋಖರಾ ಹೆದ್ದಾರಿಯಲ್ಲಿ ಬ್ಯಾಟರಿ ಮೈಕ್ರೊಬಸ್ಸಿನವರು ಊಟದ ಹೊತ್ತಿಗೆ ಗನ್ ಹಾಕಿ ದಾಲ್-ಭಾತ್‌ಗೆ ಕೂರುತ್ತಾರೆ. ಚಾರ್ಜರ್ ಕೆಟ್ಟರೆ ಊಟದ ಗಿರಾಕಿ ಮುಂದಿನ ಹೋಟೆಲಿಗೆ ಹೋಗುತ್ತಾನೆ, ಹಾಗಾಗಿ ಹೋಟೆಲಿನವನಿಗೆ ಆ ಯಂತ್ರದ ಮೇಲೆ ಒಲೆಯ ಮೇಲಿದ್ದಷ್ಟೇ ಕಣ್ಣು. ನಮ್ಮ ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲುಗಳ ಮುಂದೆ ಇಂಥದೊಂದು ಏರ್ಪಾಡು ಎಷ್ಟು ಚೆನ್ನಾಗಿ ಕೂಡಿಬಂದೀತು ಎಂದು ಪ್ರತಿ ಸಲ ಆ ಊರು ಹಾಯುವಾಗ ಅಂದುಕೊಳ್ಳುತ್ತೇನೆ.

ಕೆಂಪು ಗುಂಡಿ ತಿರುವಿದ ಆ ದಿನ ನಾವು ಚಿತ್ರದುರ್ಗದಲ್ಲಿ 80 ಪರ್ಸೆಂಟಿನವರೆಗೆ ತುಂಬಿಸಿಕೊಂಡು ಹೊರಟೆವು. ಎಂಬತ್ತರ ಮೇಲೆ ಬ್ಯಾಟರಿ ಕರೆಂಟನ್ನು ನಿಧಾನಕ್ಕೆ ಕುಡಿಯುತ್ತದೆ, ಕೊನೆಯ ಇಪ್ಪತ್ತಕ್ಕೆ ಕಾಯುವುದು ಹೊತ್ತು ಕಳೆದಂತೆ. ಹಾವೇರಿಯ ‘ಬಲಗಡೆ ಗನ್’ ನಿಜಕ್ಕೂ ಸರಿಯಿತ್ತು, ಅಲ್ಲಿ ಇಪ್ಪತ್ತು ನಿಮಿಷ ನಿಂತು ಅದರ ಮೇಲೆ ಊರು ಸೇರಿದೆವು. ನಮ್ಮ ಮನೆ ಶಿರಸಿ ಪೇಟೆಯಿಂದ ಹದಿನೆಂಟು ಕಿಲೋಮೀಟರ್ ಒಳಗೆ, ತೋಟದ ಅಂಚಿನಲ್ಲಿ. ಮನೆ ಎಂದರೆ ಈಗ ಸೋದರಮಾವನ ಮನೆ. ಅಂಗಳಕ್ಕೆ ಬಂದು ನಿಂತಾಗ ಕಾರಿನಲ್ಲಿದ್ದದ್ದು 22 ಪರ್ಸೆಂಟ್.

ಮಲೆನಾಡಿನ ಒಳಗಿನ ಊರುಗಳಲ್ಲಿ ಫಾಸ್ಟ್ ಚಾರ್ಜರ್ ಇಟ್ಟರೂ ಅದು ನಡೆಯುವುದು ಕಷ್ಟ. ಯಂತ್ರದೊಳಗೆ ಒಂದು ಸಿಮ್ ಇರುತ್ತದೆ, ನೆಟ್‌ವರ್ಕ್ ಇಲ್ಲದಿದ್ದರೆ ಅದು ನಮ್ಮನ್ನು ಗುರುತಿಸುವುದಿಲ್ಲ. ನಮ್ಮ ಫೋನಿಗೆ ಒಟಿಪಿ ಬರುವುದಿಲ್ಲ. ತ್ರೀ ಫೇಸ್ ಕರೆಂಟು ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ಗಂಟೆ ಎಂಬ ಲೆಕ್ಕದಲ್ಲಿ ಬರುವಂಥದ್ದು. ಕೈಗಾದ ಅಣುಸ್ಥಾವರ, ಕದ್ರಾ, ಕೊಡಸಳ್ಳಿ, ಸೂಪಾ ಎಲ್ಲವನ್ನೂ ಮಡಿಲಲ್ಲಿಟ್ಟುಕೊಂಡ ಜಿಲ್ಲೆ ಇದು. ಊರು, ಗದ್ದೆ, ದೇವಸ್ಥಾನ ಮುಳುಗಿಸಿಕೊಂಡು ನಾಡಿಗೆ ಬೆಳಕು ಕೊಟ್ಟ ಜನ ಇಲ್ಲಿಯವರು. ಮಳೆಗಾಲದಲ್ಲಿ ಒಂದು ಕೊಂಬೆ ತಂತಿಯ ಮೇಲೆ ಬಿದ್ದರೆ ಅದೇ ಜನ ಎರಡೆರಡು ದಿನ ಲೈನ್‌ಮ್ಯಾನ್ ದಾರಿ ಕಾಯುತ್ತಾರೆ. ಈ ನೋವು ಕಾರಿನದ್ದಕ್ಕಿಂತ ಬಹಳ ಹಳೆಯದು, ದೊಡ್ಡದು.

ಇಂಥ ಕಡೆ ಕೈಹಿಡಿಯುವುದು ಮನೆಯ 15 ಆಂಪಿಯರ್ ಪ್ಲಗ್ಗು. ಗೀಜರು ಹಾಕುವ ಅದೇ ದಪ್ಪ ಮೂರು ಕಾಲಿನ ಪ್ಲಗ್ಗು. ಕಾರಿನ ಜೊತೆ ಬರುವ ಕೇಬಲ್ಲನ್ನು ಅದಕ್ಕೆ ಸಿಕ್ಕಿಸಿದರೆ ಗಂಟೆಗೆ ಮೂರು ಯೂನಿಟ್ ಹೋಗುತ್ತದೆ. ನಮ್ಮ 40 ಯೂನಿಟ್ಟಿನ ಬ್ಯಾಟರಿ ತುಂಬಲು ಒಂದು ರಾತ್ರಿಯ ಮೇಲೆ ಸ್ವಲ್ಪ ಹೊತ್ತು. ಆ್ಯಪ್ ಬೇಡ, ಒಟಿಪಿ ಬೇಡ, ಸಿಂಗಲ್ ಫೇಸ್ ಸಾಕು. ಕೊಟ್ಟಿಗೆಯ ಹೊರಗೋಡೆಯಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆಂದು ಹಾಕಿಸಿದ್ದ ಪ್ಲಗ್ಗಿಗೆ ಸಿಕ್ಕಿಸಿದೆ. ಕೇಬಲ್ಲಿನ ನಡುವಿನ ಡಬ್ಬಿಯಲ್ಲಿ ಹಸಿರು ದೀಪ ಹತ್ತಬೇಕಿತ್ತು. ಕೆಂಪು ಹತ್ತಿತು.

ಮಾವ ಕವಳದ ಬಟ್ಟಲು ಹಿಡಿದುಕೊಂಡೇ ಬಂದ. ‘ಎಂತ ಆತು ತಂಗಿ?’

ಅಡುಗೆಮನೆಯ ಪ್ಲಗ್ಗಿಗೆ ಎಳೆದರೂ ಕೆಂಪು. ಜಗಲಿಯದಕ್ಕೂ ಕೆಂಪು. ಮಿಕ್ಸರು ತಿರುಗುತ್ತದೆ, ಪಂಪು ಓಡುತ್ತದೆ, ಕಾರು ಮಾತ್ರ ಒಲ್ಲೆ ಎನ್ನುತ್ತದೆ. ಮರುದಿನ ಬೆಳಿಗ್ಗೆ ಮಾವ ವೈರಿಂಗ್ ಕೆಲಸದ ಹುಡುಗನನ್ನು ಕರೆಸಿದ. ಹುಡುಗನೆಂದರೂ ನಲವತ್ತರ ಮೇಲಿನವರು, ಸುತ್ತಲ ಏಳೆಂಟು ಊರಿನ ಪಂಪು, ಮೋಟಾರು ಎಲ್ಲ ಅವರದೇ ಕೈ. ಡಬ್ಬಿಯನ್ನು ತಿರುಗಿಸಿ ನೋಡಿದರು, ಟೆಸ್ಟರ್ ಹಿಡಿದರು. ಚೀಲದಿಂದ ಹೋಲ್ಡರಿಗೆ ಸಿಕ್ಕಿಸಿದ ನೂರು ವ್ಯಾಟಿನ ಹಳೆಯ ಬಲ್ಬೊಂದನ್ನು ತೆಗೆದರು. ಅದರಿಂದ ಎರಡು ವೈರು ಇಳಿದಿದ್ದವು. ಒಂದನ್ನು ಫೇಸಿಗೆ, ಇನ್ನೊಂದನ್ನು ನ್ಯೂಟ್ರಲ್‌ಗೆ ಮುಟ್ಟಿಸಿದರು. ಬಲ್ಬು ಝಗ್ಗೆಂದಿತು. ನ್ಯೂಟ್ರಲ್ ಬಿಟ್ಟು ಅರ್ಥ್‌ಗೆ ಮುಟ್ಟಿಸಿದರು. ಬಲ್ಬಿನೊಳಗಿನ ತಂತಿ ಅಡಿಕೆ ಸಿಪ್ಪೆಯ ಕೆಂಡದಂತೆ ಮಂಕಾಗಿ ಕೆಂಪಗಾಯಿತು, ಅಷ್ಟೇ.

‘ಕರೆಂಟ್ ಇದೆ ಅಕ್ಕಾ, ಅರ್ಥ್ ಸಿಕ್ತಾ ಇಲ್ಲ. ಭೂಮಿ ಒಣಗಿದೆ.’

ಕೊಟ್ಟಿಗೆಯ ಹಿಂದೆ ಅರ್ಥಿಂಗ್ ಗುಂಡಿ ಇತ್ತು, ಅದರ ಮೇಲೆ ಸೊಪ್ಪಿನ ರಾಶಿ. ಸೊಪ್ಪು ಸರಿಸಿದಾಗ ತುಕ್ಕು ಹಿಡಿದ ಪೈಪಿನ ತುದಿ ಕಂಡಿತು. ಹದಿನೈದು ವರ್ಷದ ಹಿಂದೆ ಮನೆಗೆ ವೈರಿಂಗ್ ಮಾಡಿಸುವಾಗ ಹುಗಿದದ್ದು, ಆಮೇಲೆ ಯಾರೂ ನೋಡಿಲ್ಲ. ನಮ್ಮ ಕಡೆಯ ನೆಲವೆಲ್ಲ ಚಿರೇಕಲ್ಲಿನದು. ಬೇಸಿಗೆಯಲ್ಲಿ ಒಣಗಿತೆಂದರೆ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮಿಕ್ಸರಿಗೆ ಅದರ ಗೊಡವೆ ಇಲ್ಲ, ಅದು ಅರ್ಥ್ ಇಲ್ಲದೆಯೂ ತಿರುಗುತ್ತದೆ. ಕಾರಿನ ಕೇಬಲ್ಲು ಮೊದಲು ಅರ್ಥ್ ಸರಿಯಿದೆಯೇ ಎಂದು ತಾನೇ ಪರೀಕ್ಷಿಸುತ್ತದೆ. ಇಲ್ಲದಿದ್ದರೆ ಕರೆಂಟನ್ನೇ ಬಿಡುವುದಿಲ್ಲ. ಗಂಟೆಗಟ್ಟಲೆ ಅಷ್ಟು ಕರೆಂಟು ಹರಿಯುವಾಗ ಎಲ್ಲಾದರೂ ಸೋರಿ ಕಾರಿನ ಮೈಗೆ ಇಳಿದರೆ, ಬರಿಗಾಲಲ್ಲಿ ಹೋಗಿ ಬಾಗಿಲು ಮುಟ್ಟಿದವರ ಗತಿ ಏನು? ಇದಕ್ಕೆ ‘ಏನಾದರೊಂದು ಮಾಡಿ ಹಾಕಿಬಿಡಿ’ ಎನ್ನುವ ಹಾಗಿಲ್ಲ. ನ್ಯೂಟ್ರಲ್ಲಿಗೂ ಅರ್ಥಿಗೂ ಒಂದು ತುಂಡು ವೈರು ಸೇರಿಸಿ ಹಸಿರು ದೀಪ ಹತ್ತಿಸಿಕೊಳ್ಳುವವರು ಇದ್ದಾರೆಂದು ಕೇಳಿದ್ದೇನೆ. ಅದು ಜೀವದ ಜೊತೆ ಆಡುವ ಆಟ, ಯಾರೂ ಮಾಡಬಾರದು.

ಅವರು ಪೈಪಿನ ಸುತ್ತ ಮೊಳದಾಳ ಅಗೆದರು. ತುಕ್ಕನ್ನು ಕತ್ತಿಯ ಬೆನ್ನಿನಿಂದ ಕೆರೆದು, ಕರಗಿ ಹುಡಿಯಾಗಿದ್ದ ಹಳೆಯ ವೈರು ಕಿತ್ತು ಹೊಸ ತಾಮ್ರದ ವೈರನ್ನು ಬೋಲ್ಟ್ ಹಾಕಿ ಬಿಗಿದರು. ಮಾವ ಬಚ್ಚಲ ಒಲೆಯಿಂದ ಇದ್ದಿಲು ತಂದ. ಅತ್ತೆ ಕಲ್ಲುಪ್ಪಿನ ಚೀಲ ತಂದಳು. ಒಂದು ಪದರ ಇದ್ದಿಲು, ಒಂದು ಪದರ ಉಪ್ಪು, ಮತ್ತೆ ಇದ್ದಿಲು. ಮೇಲಿಂದ ಕೊಡಪಾನದಲ್ಲಿ ನೀರು. ಮೊದಲ ಐದು ಕೊಡ ಕಂಡ ಹಾಗೆಯೇ ಮಾಯವಾಯಿತು. ಎಂಟನೆಯದಕ್ಕೆ ನೀರು ಸ್ವಲ್ಪ ಹೊತ್ತು ನಿಂತಿತು. ಹನ್ನೆರಡು ಕೊಡವಾದ ಮೇಲೆ ಒಂದು ಚಹಾ ಕುಡಿದು ಬಂದು ಮತ್ತೆ ಬಲ್ಬು ಹಿಡಿದರು. ಈ ಸಲ ಫೇಸ್‌ಗೂ ಅರ್ಥ್‌ಗೂ ನಡುವೆ ಅದು ನ್ಯೂಟ್ರಲ್‌ನಲ್ಲಿ ಉರಿದಷ್ಟೇ ಪ್ರಖರವಾಗಿ ಉರಿಯಿತು. ಆಯಿ ಜಗಲಿಯಿಂದಲೇ ‘ಬಂತು, ಬಂತು’ ಎಂದಳು. ಕೇಬಲ್ಲು ಸಿಕ್ಕಿಸಿದೆ. ಹಸಿರು.

ಹೋಗುವ ಮೊದಲು ಅವರು ಪ್ಲಗ್ಗನ್ನು ಬಿಚ್ಚಿ ನೋಡಿದರು. ಒಳಗಿನ ವೈರು ತೆಳ್ಳಗಿತ್ತು. ರಾತ್ರಿಯಿಡೀ ಎಳೆದರೆ ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತದೆ ಎಂದು ಮೇನ್ ಬೋರ್ಡಿನಿಂದ ನೇರವಾಗಿ ನಾಲ್ಕು ಚದರ ಮಿಲಿಮೀಟರಿನ ವೈರು ಎಳೆದು, ಅದಕ್ಕೇ ಬೇರೆ ಎಂಸಿಬಿ ಕೂರಿಸಿ, ಹೊಸ ಸಾಕೆಟ್ ಹಾಕಿಕೊಟ್ಟರು. ಇಡೀ ಕೆಲಸಕ್ಕೆ ಹಿಡಿದದ್ದು ಅರ್ಧ ದಿನ. ಊರೂರಿನಲ್ಲಿ ಇಂಥ ಒಬ್ಬರಿದ್ದಾರೆ. ಅವರಿಗೆ ಈ ಕಾರಿನ ಅರ್ಥಿಂಗ್, ವೈರಿನ ದಪ್ಪ, ಕೇಬಲ್ಲಿನ ಕೆಂಪು-ಹಸಿರಿನ ಅರ್ಥ ಇಷ್ಟನ್ನು ಎರಡು ದಿನ ಕೂರಿಸಿ ಕಲಿಸಿದರೆ, ಲಾಡ್ಜು, ಛತ್ರ, ಅಕ್ಕಿ ಗಿರಣಿ, ಸೊಸೈಟಿ ಕಟ್ಟಡ, ದೇವಸ್ಥಾನದ ಆವರಣ ಎಲ್ಲ ಕಡೆ ಒಂದೊಂದು ನಂಬಿಕೆಯ ಪ್ಲಗ್ಗು ಹುಟ್ಟುತ್ತದೆ. ಕೋಟಿಗಳ ಮಾತೇ ಅಲ್ಲ. ರಾತ್ರಿ ತಂಗುವವರಿಗೆ ಬೇಕಾದದ್ದು ಫಾಸ್ಟ್ ಚಾರ್ಜರ್ ಅಲ್ಲ, ಇದು.

ಮಾವನಿಗೆ ಒಂದು ಚಿಂತೆ ಇತ್ತು. ಗೃಹಜ್ಯೋತಿ ಯೋಜನೆಯಲ್ಲಿ ಅವನಿಗೆ ಬಿಲ್ಲಿಲ್ಲ. ಹಿಂದಿನ ಸರಾಸರಿಯ ಮೇಲೆ ಹತ್ತು ಪರ್ಸೆಂಟ್ ದಾಟಿದರೆ ಹೆಚ್ಚಿನದಕ್ಕೆ ದುಡ್ಡು, ಇನ್ನೂರು ಯೂನಿಟ್ ಮೀರಿದರೆ ಪೂರ್ತಿ ಬಿಲ್ಲು. ನಾನೇ ಕೊಡುತ್ತೇನೆ ಎಂದೆ. ಅದು ಬೇರೆ ಮಾತು, ಲೆಕ್ಕ ಗೊತ್ತಿರಬೇಕು ಎಂದ. ಕಾರು ಹಾಕುವ ಮೊದಲು ಮೀಟರ್ ಓದಿ, ಅಡಿಕೆ ಧಾರಣೆ ಬರೆಯುವ ಡೈರಿಯಲ್ಲಿ ಬರೆದುಕೊಂಡ. ಮರುದಿನ ಬೆಳಿಗ್ಗೆ ಮತ್ತೆ ಓದಿದ. 34 ಯೂನಿಟ್. ‘ಇಷ್ಟೇಯ?’ ಎಂದ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಗೋಕರ್ಣಕ್ಕೆ ಹೋಗಿ ಬಂದರೂ ಬ್ಯಾಟರಿಯಲ್ಲಿ ಉಳಿಯುತ್ತದೆ ಎಂದೆ. ಇಳಿಯುವಾಗ ಚಕ್ರಗಳೇ ಒಂದಷ್ಟು ಕರೆಂಟು ವಾಪಸು ತುಂಬುತ್ತವೆ ಎಂದಾಗ ಅವನು ನಂಬಲಿಲ್ಲ. ಕರೆದುಕೊಂಡು ಹೋದೆ. ಘಟ್ಟದ ತಿರುವುಗಳಲ್ಲಿ ಕಣ್ಣು ರಸ್ತೆಯ ಮೇಲಿಡದೆ ಪರ್ಸೆಂಟಿನ ಮೇಲೇ ಇಟ್ಟಿದ್ದ. ಮೇಲೆ 81 ಇದ್ದದ್ದು ಬುಡಕ್ಕೆ ಬಂದಾಗ 83. ಹತ್ತಿ ಬರುವಾಗ ಅದಕ್ಕಿಂತ ಎಷ್ಟೋ ಹೆಚ್ಚು ಖರ್ಚಾಯಿತೆಂದೂ ಡೈರಿಯಲ್ಲಿದೆ.

ಬೆಂಗಳೂರಿಗೆ ಮರಳಿದ ಮೇಲೆ ಮಾವನ ಒಪ್ಪಿಗೆ ಕೇಳಿ, ಆ ಪ್ಲಗ್ಗಿನ ವಿಷಯವನ್ನು ನಮ್ಮ ಗುಂಪಿನಲ್ಲಿ ಹಾಕಿದೆ. ಶಿರಸಿಯಿಂದ 18 ಕಿಲೋಮೀಟರ್, 15 ಆಂಪಿಯರ್, ಅರ್ಥಿಂಗ್ ಸರಿಯಿದೆ, ಬರುವ ಮೊದಲು ಫೋನ್ ಮಾಡಿ. ತಿಂಗಳು ಕಳೆಯಿತು. ಮೇ ಕೊನೆಯ ವಾರ, ಮೊದಲ ಮಳೆ ಬಿದ್ದ ಸಂಜೆ, ಮಾವನ ಫೋನು ಬಂತು. ಕಲಬುರಗಿಯ ಕಡೆಯ ಒಂದು ಕುಟುಂಬವಂತೆ, ಗೋಕರ್ಣಕ್ಕೆ ಹೊರಟವರು. ಪೇಟೆಯ ಚಾರ್ಜರ್ ನಡೆಯದೆ 9 ಪರ್ಸೆಂಟಿನಲ್ಲಿ ಬಂದು ಅಂಗಳದಲ್ಲಿ ನಿಂತರಂತೆ. ಎರಡು ಚಿಕ್ಕ ಮಕ್ಕಳು. ನಾಲ್ಕು ಗಂಟೆ ಇದ್ದರು, ಊಟ ಮಾಡಿದರು, ಮಕ್ಕಳು ಕೊಟ್ಟಿಗೆಯ ಕರುವನ್ನು ಬಿಟ್ಟು ಬರಲೇ ಒಪ್ಪಲಿಲ್ಲ. ದುಡ್ಡು ತೆಗೆದುಕೊಂಡೆಯಾ ಎಂದೆ. ಊಟಕ್ಕೆ ಬಂದವರ ಹತ್ತಿರ ಹೇಗೆ ತೆಗೆದುಕೊಳ್ಳುವುದು ಎಂದ. ಆಮೇಲೆ ಡೈರಿಯ ಹಾಳೆ ಮಗುಚುವ ಸದ್ದು ಕೇಳಿತು.

‘ಹನ್ನೆರಡು ಯೂನಿಟ್ಟು’ ಎಂದ. ‘ಹಸಿರು ದೀಪವೇ ಇತ್ತು ತಂಗಿ, ನಾನೇ ನೋಡಿದ್ದಿ.’